ಅಮ್ಮನ ಬೆರಳಿಗೊಂದು ಹರಳು

ಗಡಿಯಾರ ರಿಪೇರಿಯವರ ಪ್ಯಾಂಟು ವಾರದಿಂದ ವಾರಕ್ಕೆ ಗಿಡ್ಡವಾಗುತ್ತಿತ್ತು. ಮೊದಲ ಸಲ ತಂದಾಗ, ಕಾಲು ಉದ್ದವಾಗಿದೆ, ಒಂದು ಬೆರಳು ಮಡಚಿ ಹೊಲಿಯಿರಿ ಎಂದರು. ಅಮ್ಮ ಹೊಲಿದುಕೊಟ್ಟಳು. ಮುಂದಿನ ವಾರ ಅದೇ ಪ್ಯಾಂಟು ಮತ್ತೆ ಬಂತು. ಇನ್ನೊಂದು ಬೆರಳು ಎಂದರು. ಹೀಗೇ ನಡೆದು, ಕಣಕಾಲು ಪೂರ್ತಿ ಕಾಣುವ ಹಂತಕ್ಕೆ ಬಂದಾಗ ಅಮ್ಮ ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿ ಹೇಳಿದಳು: "ನೋಡಿ, ಇನ್ನೊಂದು ಸಲ ಕತ್ತರಿ ಹಾಕಿದ್ರೆ ಇದು ಚಡ್ಡಿ ಆಗುತ್ತೆ. ಮಾತಾಡೋದಿದ್ರೆ ಕೂತ್ಕೊಂಡು ಮಾತಾಡಿ. ಬಟ್ಟೆ ಯಾಕೆ ಹಾಳು ಮಾಡ್ತೀರಿ?"

ಅವರು ಕೂತರು. ಆಮೇಲೆ ಎದ್ದದ್ದೇ ಕಡಿಮೆ.

ಮಗಳು ಪುಟ್ಟಿಗೆ ಇದು ಗೊತ್ತಾದದ್ದು ಬೀದಿಯವರಿಗೆಲ್ಲ ಗೊತ್ತಾದ ಮೇಲೆ. ಅವಳು ವಜ್ರ ವಿಂಗಡಿಸುವ ಕಚೇರಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹೆಸರಿಗೆ ಪುಟ್ಟಿ, ಡಿಗ್ರಿ ಮುಗಿಸಿ, ಕೆಲಸ ಹಿಡಿದು, ಅಮ್ಮನಿಗಿಂತ ಒಂದು ಗೇಣು ಎತ್ತರ ಬೆಳೆದರೂ ಆ ಹೆಸರು ಅಂಟಿಕೊಂಡೇ ಉಳಿಯಿತು. ತುಂಬಿದ ಬಸ್ಸಿನಲ್ಲಿ "ಸ್ವಲ್ಪ ದಾರಿ ಬಿಡಿ" ಎನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ. ಅವಳ ಮುಂದೆ ಯಾರೂ ಸುದ್ದಿ ಎತ್ತಿರಲಿಲ್ಲ. ಅವಳಾಗಿ ಕೇಳುವವಳೂ ಅಲ್ಲ.

ಕೊನೆಗೆ ಅಮ್ಮನೇ ಒಂದು ಸಂಜೆ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ ಹೇಳಿದಳು.

"ಗಡಿಯಾರದವರು ಮದುವೆ ಆಗೋಣ್ವಾ ಅಂತ ಕೇಳಿದ್ರು ಕಣೇ."

"ಯಾರನ್ನ?"

"ನಮ್ಮ ಮಿಷನ್ನನ್ನ! ಯಾರನ್ನ ಅಂತೆ. ನನ್ನನ್ನ ಕಣೇ."

ಪುಟ್ಟಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ನೀನೇನಂದೆ?"

"ವಜ್ರದ ಉಂಗುರವೇ ತೊಡಿಸ್ಬೇಕು ಅಂತ ಅವರಿಗೆ ಹಟ. ಸರಿ, ನನ್ನ ಮಗಳು ದಿನಾ ಬೆಳಗಾದ್ರೆ ವಜ್ರದ ಮುಖ ನೋಡೋಳು, ಹರಳು ಅವಳೇ ಆರಿಸ್ಲಿ ಅಂದೆ. ಅವಳು ಯಾವತ್ತು 'ಇದು' ಅಂತಾಳೋ ಅವತ್ತು ನನ್ನದೂ ಹೂಂ ಅಂದೆ."

ಅಮ್ಮ ಹಲ್ಲಿನಿಂದ ದಾರ ಕಡಿದು ಮುಂದಿನ ಗುಂಡಿ ಎತ್ತಿಕೊಂಡಳು. ಮಗಳ ಮುಖ ಮಾತ್ರ ನೋಡಲಿಲ್ಲ. ನೋಡಿದ್ದರೆ ಪುಟ್ಟಿ ಅಲ್ಲೇ ಉತ್ತರ ಕೊಡಬೇಕಾಗುತ್ತಿತ್ತು. ಅಪ್ಪ ಹೋದಾಗ ಅವಳಿನ್ನೂ ಅಮ್ಮನ ಬೆರಳು ಹಿಡಿದು ನಡೆಯುತ್ತಿದ್ದಳು. ಅಂದಿನಿಂದ ಆ ಎರಡು ಕೋಣೆಗಳಲ್ಲಿ ಇದ್ದದ್ದು ಇಬ್ಬರ ಮಾತು, ಇಬ್ಬರ ಜಗಳ, ಇಬ್ಬರಿಗಷ್ಟೇ ಅರ್ಥವಾಗುವ ಸುಮ್ಮನಿರುವಿಕೆ. ಅದರೊಳಗೆ ಇನ್ನೊಬ್ಬರು ಬಂದು ಕೆಮ್ಮುವುದನ್ನು, ಚಪ್ಪಲಿ ಬಿಡುವುದನ್ನು ಅವಳು ಊಹಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

"ಆಯ್ತು, ಆರಿಸ್ತೀನಿ," ಎಂದಳು.

ಆರಿಸುವುದು ಅವಳಿಗೆ ಹೊಸದಲ್ಲ. ಕಚೇರಿಯಲ್ಲಿ ಬಿಸಿಲು ನೇರ ಬೀಳದ ಕಿಟಕಿಗಳ ಉದ್ದಕ್ಕೂ ಬಿಳಿ ಮೇಜುಗಳು. ಅಲ್ಲಿ ಬಣ್ಣದ ಬಟ್ಟೆ ಹಾಕುವಂತಿಲ್ಲ. ಕೆಂಪು ತೊಟ್ಟು ಕೂತರೆ ಹರಳು ಆ ಕೆಂಪನ್ನು ಕುಡಿದು ಸುಳ್ಳು ಹೇಳುತ್ತದೆ. ಆದ್ದರಿಂದ ಎಲ್ಲರಿಗೂ ಬೂದು ಕೋಟು. ಬಣ್ಣ ಪರೀಕ್ಷಿಸುವಾಗ ಹರಳನ್ನು ಬೋರಲು ಹಾಕಿ, ಮಡಚಿದ ಬಿಳಿ ಕಾಗದದ ಸಂದಿಯಲ್ಲಿಟ್ಟು ಪಕ್ಕದಿಂದ ನೋಡಬೇಕು. ಎದುರಿನಿಂದ ನೋಡಿದರೆ ಅದರ ಮಿಂಚು ಕಣ್ಣಿಗೆ ಮಣ್ಣೆರಚುತ್ತದೆ. ಆಮೇಲೆ ಲೂಪ್, ಅಂದರೆ ಕಣ್ಣಿಗೆ ಒತ್ತಿ ಹಿಡಿಯುವ ಪುಟ್ಟ ಭೂತಗನ್ನಡಿ. ಅದರೊಳಗಿಂದ ದೋಷ ಹುಡುಕುವುದು. ಸಿಕ್ಕಿದರೆ ಇಂಥ ದೋಷ ಎಂದು ಬರೆಯುವುದು, ಸಿಗದಿದ್ದರೆ ಇನ್ನೊಮ್ಮೆ ಹುಡುಕುವುದು. ಇದರಲ್ಲಿ ಪುಟ್ಟಿಯನ್ನು ಮೀರಿಸುವವರಿರಲಿಲ್ಲ. ಜೊತೆಯವರು ಅವಳಿಗೆ ಹದ್ದು ಎಂದೇ ಹೆಸರಿಟ್ಟಿದ್ದರು. ಹೊಸಬರು ಬಂದರೆ ಅವಳ ಪಕ್ಕದಲ್ಲೇ ಕೂರಿಸುತ್ತಿದ್ದರು.

ಗಡಿಯಾರದವರನ್ನು ಅವಳು ಕರೆದುಕೊಂಡು ಹೋದದ್ದು ಕಲ್ಲಜ್ಜಿಯ ಹತ್ತಿರ. ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದೇ ಕೋಣೆಯ ಅಂಗಡಿ: ಒಂದು ಮೇಜು, ಗಾಜಿನ ಪೆಟ್ಟಿಗೆಯೊಳಗೆ ಉಸಿರೂ ತಾಗದಂತೆ ಕೂತ ತಕ್ಕಡಿ, ಗೋಡೆಗೆ ಬೆನ್ನು ಕೊಟ್ಟು ನಿಂತ ಕಬ್ಬಿಣದ ಬೀರು, ಅದರ ಮುಂದೆ ಬೀರುವಿನಷ್ಟೇ ಗಟ್ಟಿಯಾಗಿ ಕೂತ ಮುದುಕಿ. ಗಂಡ ಇದ್ದಾಗಿನಿಂದ ಬಿಡಿ ವಜ್ರ ಮಾರುತ್ತಿದ್ದಳು. ಬೆಲೆಯ ಮಾತನ್ನು ಅವಳೂ ಗಡಿಯಾರದವರೂ ಮೊದಲೇ ಮುಗಿಸಿಕೊಂಡಿದ್ದರು. ಉಳಿದದ್ದು ಹರಳು ಮಾತ್ರ.

"ನೀನು ಆರಿಸಿ ಕೊಟ್ಟುಬಿಟ್ರೆ ಸಾಲದು ಕಣಮ್ಮ," ಎಂದರು ಅವರು ಕುರ್ಚಿ ಎಳೆದುಕೊಳ್ಳುತ್ತಾ. "ಯಾಕೆ ಆರಿಸಿದೆ ಅಂತ ನನಗೂ ತಿಳೀಬೇಕು. ನಾಳೆ ನಿಮ್ಮಮ್ಮ ಕೇಳಿದ್ರೆ ಪೆದ್ದನ ಹಾಗೆ ಬಾಯಿ ಬಿಟ್ಕೊಂಡು ನಿಲ್ಲೋಕಾಗುತ್ತಾ?"

ಪುಟ್ಟಿ ಹೇಳಿಕೊಟ್ಟಳು. ಹರಳಿನ ಮಾತು ಬಂದರೆ ಅವಳ ನಾಲಿಗೆ ಹೇಗೋ ಸಡಿಲವಾಗುತ್ತಿತ್ತು. "ತೂಕ ಎಲ್ಲರ ಕಣ್ಣಿಗೂ ಬೀಳುತ್ತೆ. ಜನ ಮೋಸ ಹೋಗೋದೂ ಅಲ್ಲೇ. ಬಣ್ಣ ಅಂದ್ರೆ, ಬಣ್ಣ ಎಷ್ಟು ಕಡಿಮೆ ಇದೆ ಅಂತ. ಆಮೇಲೆ ಒಳಗಿನ ದೋಷ: ಚುಕ್ಕೆ, ಬಿರುಕು, ಮೋಡದ ಹಾಗೆ ಮಬ್ಬು. ಎಲ್ಲಕ್ಕಿಂತ ಮುಖ್ಯ ಸಾಣೆ. ಬೆಳಕು ಮೇಲಿಂದ ಒಳಗೆ ಹೋಗಿ, ಕೆಳಗಿನ ಮುಖಗಳಿಗೆ ತಾಗಿ, ತಿರುಗಿ ಮೇಲಕ್ಕೇ ಬರೋ ಹಾಗೆ ಸಾಣೆ ಹಿಡಿದಿರ್ಬೇಕು. ತೂಕ ಉಳಿಸ್ಕೊಳ್ಳೋಕೆ ಅಂತ ಹೊಟ್ಟೆ ಆಳ ಬಿಟ್ಟಿರ್ತಾರೆ. ಆಗ ಬೆಳಕು ಸೋರಿ ಹೋಗುತ್ತೆ."

ಗಡಿಯಾರದವರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. "ಅಂದ್ರೆ ನನ್ನ ಹಾಗೆ. ತೂಕ ಉಂಟು, ಹೊಳಪಿಲ್ಲ."

ಕಲ್ಲಜ್ಜಿ ಗಹಗಹಿಸಿ ನಕ್ಕಳು. ಪುಟ್ಟಿಗೂ ನಗು ಬಂತು, ಆದರೆ ಅದನ್ನು ತುಟಿಯ ಹತ್ತಿರವೇ ತಡೆದು ಲೂಪ್ ಎತ್ತಿಕೊಂಡಳು.

ಆ ದಿನ ಒಂದೂ ಒಪ್ಪಿಗೆಯಾಗಲಿಲ್ಲ. ಮುಂದಿನ ಶನಿವಾರವೂ ಅಷ್ಟೆ. ಅದರ ಮುಂದಿನದೂ. ಒಂದಕ್ಕೆ ಹಳದಿ ಛಾಯೆ, ಒಂದಕ್ಕೆ ಒಳಗೆ ಮಬ್ಬು, ಒಂದರ ಸೊಂಟದ ಗೆರೆ, ಅಂದರೆ ಸುತ್ತಲಿನ ಅಂಚು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹೇಳಿದ ದೋಷವೆಲ್ಲ ನಿಜವೇ. ಆದರೆ ದೋಷವಿಲ್ಲದ ಹರಳು ಭೂಮಿಯ ಮೇಲೆ ಎಷ್ಟಿವೆ, ಇದ್ದರೂ ಯಾರ ಬೀರುವಿನಲ್ಲಿವೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಜನ ಮೊಸರಲ್ಲಿ ಕಲ್ಲು ಹುಡುಕ್ತಾರೆ," ಎಂದಳು ಕಲ್ಲಜ್ಜಿ, ಪೊಟ್ಟಣ ಮಡಚುತ್ತಾ. "ಈ ಹುಡುಗಿ ಕಲ್ಲಲ್ಲಿ ಮೊಸರು ಹುಡುಕ್ತಾಳೆ!"

"ಹುಡುಕ್ಲಿ ಬಿಡಿ ಅಜ್ಜಿ. ನನಗೇನೂ ಅವಸರ ಇಲ್ಲ," ಎಂದರು ಗಡಿಯಾರದವರು. ಮೆಟ್ಟಿಲಿಳಿಯುವಾಗ ಕಲಿತದ್ದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು: ತೂಕ ಕೊನೆಗೆ, ಸಾಣೆ ಮೊದಲು, ಚುಕ್ಕೆಗಿಂತ ಬಿರುಕು ಕೆಟ್ಟದ್ದು. ಪುಟ್ಟಿ ಪಕ್ಕದಲ್ಲಿ ಇಳಿಯುತ್ತಾ ಅವರನ್ನೇ ವಾರೆಗಣ್ಣಿನಿಂದ ನೋಡುತ್ತಿದ್ದಳು. ಕಾಲರಿನ ಒಳಗಡೆ ಮಾಸಿದ ಗೆರೆ. ಮಾತಿನ ನಡುವೆ ಸುರ್ ಎಂದು ಮೂಗೆಳೆಯುವ ಚಟ. ನಗು ಬೇಕಾದ್ದಕ್ಕಿಂತ ಜೋರು.

"ಇವತ್ತೂ ಇಲ್ವಾ?" ಎಂದು ಕೇಳಿದಳು ಅಮ್ಮ, ಆ ಮಧ್ಯಾಹ್ನ ಪುಟ್ಟಿ ಮನೆಗೆ ಬಂದಾಗ.

"ಒಳ್ಳೇದು ಸಿಗ್ಬೇಕಲ್ಲಮ್ಮ. ನಿನಗೆ ಅಂತ ತಾನೆ?"

"ಇರೋ ವಜ್ರ ಎಲ್ಲ ಮುಗಿದ್ಮೇಲೆ ಏನ್ಮಾಡ್ತೀಯ? ಹೋಗಿ ನೆಲ ಅಗೀತೀಯ?" ಅಮ್ಮ ಕತ್ತರಿ ಕೆಳಗಿಟ್ಟಳು. ಆಮೇಲೆ ಧ್ವನಿ ಬದಲಾಯಿತು. "ಪುಟ್ಟಿ, ಬೇಡ ಅನ್ನಿಸಿದ್ರೆ ಬೇಡ ಅನ್ನು. ನಾನೇನೂ ತಿಳ್ಕೊಳ್ಳಲ್ಲ. ಇಷ್ಟು ವರ್ಷ ಇರ್ಲಿಲ್ವಾ? ಆದ್ರೆ ಅದನ್ನ ಕಲ್ಲಿನ ತಲೆ ಮೇಲೆ ಹಾಕ್ಬೇಡ."

"ಹಾಗೇನಿಲ್ಲಮ್ಮ."

ಹೇಳುವಾಗ ಅವಳು ಅದನ್ನು ನಂಬಿದ್ದಳು. ಇರುವ ದೋಷವನ್ನು ಇದೆ ಎಂದದ್ದು ತಪ್ಪೇ? ತನ್ನ ಕೆಲಸವೇ ಅದಲ್ಲವೇ?

"ಹಾಗಿದ್ರೆ ಮುಂದಿನ ವಾರ ನಾನೂ ಬರ್ತೀನಿ," ಎಂದಳು ಅಮ್ಮ. "ಬೆರಳು ನನ್ನದು. ಅದನ್ನ ಮನೇಲಿ ಬಿಟ್ಟು ಹೋಗಿ ನೀವಿಬ್ರೂ ಅದೇನು ಅಳೀತೀರೋ ನೋಡ್ತೀನಿ."

ಅಮ್ಮ ಬಂದಳು. ತಾನೇ ಹೊಲಿದುಕೊಂಡ, ಇನ್ನೂ ಮಡಿಕೆ ಮುರಿಯದ ನೀಲಿ ಬಟ್ಟೆ ತೊಟ್ಟಿದ್ದಳು. ಗಡಿಯಾರದವರು ಅವಳನ್ನು ಕಂಡು ಎದ್ದು ನಿಂತವರು ಕೂರುವುದನ್ನೇ ಮರೆತರು. "ಕೂತ್ಕೊಳ್ಳಿ, ಇದಕ್ಕೇನೂ ಕಾಸು ಕೊಡ್ಬೇಕಾಗಿಲ್ಲ," ಎಂದಳು ಕಲ್ಲಜ್ಜಿ. ಬೀರುವಿನಿಂದ ಮೂರು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. "ಹೊಸಾವು. ನಿನ್ನೆ ಬಂದಿವೆ. ಇನ್ನೂ ಯಾರ ಕಣ್ಣೂ ಬಿದ್ದಿಲ್ಲ. ಹ್ಞೂಂ, ಹದ್ದು, ಎರಗು."

ಪುಟ್ಟಿ ಮೊದಲನೆಯದನ್ನು ಚಿಮಟದಲ್ಲಿ ಎತ್ತಿದಳು. ಬಿಳುಪು ಅಂದರೆ ಬಿಳುಪು, ಹಿಡಿ ಮಂಜಿನ ಹಾಗೆ. ಲೂಪ್ ಕಣ್ಣಿಗೊತ್ತಿದಳು. ಒಳಗೆ ಸ್ವಚ್ಛ. ತಿರುಗಿಸಿದಳು. ಸ್ವಚ್ಛ. ಇನ್ನೊಮ್ಮೆ ತಿರುಗಿಸಿದಾಗ ಕಂಡಿತು, ಹರಳಿನ ನಡುನೆತ್ತಿಯಲ್ಲಿ ಒಂದು ಕಪ್ಪು ಚುಕ್ಕೆ. ಆ ಕ್ಷಣ ಅವಳಿಗೆ ಎಂಥ ನಿರಾಳವಾಯಿತೆಂದರೆ, ಉಸಿರು ಬಿಟ್ಟದ್ದು ಅವಳಿಗೇ ಕೇಳಿಸಿತು.

"ಆಗಲ್ಲ," ಎಂದಳು. "ನಟ್ಟನಡುವೆ ಕರಿ ಚುಕ್ಕೆ. ಇದು ಬೇಡ."

ಕಲ್ಲಜ್ಜಿ ಕೈ ಚಾಚಿ ಹರಳನ್ನು ತೆಗೆದುಕೊಂಡಳು. ಮೇಜಿನ ಮೂಲೆಯ ಮೆತ್ತನೆ ಬಟ್ಟೆಯ ನಡುವೆ ಇಟ್ಟು ಎರಡು ಸಲ ಉಜ್ಜಿದಳು. ಮತ್ತೆ ಚಿಮಟದಲ್ಲಿ ಹಿಡಿದು ಪುಟ್ಟಿಯ ಮುಂದೆ ಚಾಚಿದಳು.

ಪುಟ್ಟಿ ನೋಡಿದಳು. ಚುಕ್ಕೆ ಇರಲಿಲ್ಲ.

ಧೂಳು. ಒರೆಸದೆ ನೋಡಿದ್ದಳು. ಮೊದಲು ಒರೆಸು, ಆಮೇಲೆ ನೋಡು, ಆಮೇಲೆ ಬಾಯಿ ಬಿಡು ಎಂದು ಹೊಸಬರಿಗೆ ಅವಳೇ ಪಾಠ ಹೇಳುತ್ತಿದ್ದಳು. ಒರೆಸದೆ ದೋಷ ಬರೆದವರ ಕಾಗದವನ್ನು ಹರಿದು ವಾಪಸು ಕೊಟ್ಟಿದ್ದಳು. ಇಂಥ ತಪ್ಪು ಅವಳ ಕೈಯಿಂದ ಆಗುವುದಿಲ್ಲ. ಚುಕ್ಕೆ ಬೇಕು ಎಂದು ಅವಳೇ ಕಾದು ಕೂತಿರದಿದ್ದರೆ ಆಗುತ್ತಿರಲಿಲ್ಲ. ಕಿವಿಯ ತುದಿಯವರೆಗೆ ಬಿಸಿ ಏರಿತು. ಅಮ್ಮ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಿದ್ದಳು. ಅವಳಿಗೆ ಲೂಪ್ ಬೇಕಿರಲಿಲ್ಲ, ಮಗಳ ಮುಖದಲ್ಲೇ ಎಲ್ಲ ಓದಿಯಾಗಿತ್ತು.

ಗಡಿಯಾರದವರಿಗೂ ತಿಳಿದಿತ್ತು. ಕಣ್ಣಿಗೆ ಗಾಜು ಒತ್ತಿಕೊಂಡು ಬದುಕುವ ಮನುಷ್ಯನಿಗೆ ಧೂಳು ಗೊತ್ತಿರದೆ ಇರುತ್ತದೆಯೇ? ಅವರು ಮೂಗೆಳೆದರು, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು.

"ಇದೇನು ಮಹಾ," ಎಂದರು. "ನಾನು ಒಂದ್ಸಲ ಒಬ್ಬ ಗಿರಾಕಿ ವಾಚನ್ನ ಪೂರ್ತಿ ಬಿಚ್ಚಿಹಾಕಿದ್ದೆ. ಒಂದೊಂದು ಚಕ್ರ ಬೇರೆ ಮಾಡಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿದೆ. ಊಹೂಂ, ಓಡ್ಲಿಲ್ಲ. ಇದು ಸತ್ತಿದೆ, ಬೇರೆ ತಗೊಳ್ಳಿ ಅಂದೆ. ಆ ಮನುಷ್ಯ ಅದನ್ನ ಇಸ್ಕೊಂಡು, ನನ್ನೆದುರಿಗೇ ಕೀ ಕೊಟ್ಟ. ಟಿಕ್ ಟಿಕ್ ಅಂತ ಹೊರಟೇಬಿಡ್ತು."

"ಕೀ ಕೊಟ್ಟೇ ಇರ್ಲಿಲ್ವಾ?" ಅಮ್ಮ ತಲೆ ಎತ್ತಿದಳು.

"ಕೀ ಕೊಡೋದು ಗಿರಾಕಿ ಕೆಲಸ, ನನ್ನದಲ್ಲ ಅಂದೆ. ಮಾನ ಉಳಿಸ್ಕೋಬೇಕಲ್ಲ."

ಮೊದಲು ನಕ್ಕವಳು ಅಮ್ಮ. ಕಲ್ಲಜ್ಜಿಯ ನಗುವಿಗೆ ಮೇಜು ಅಲುಗಿತು. ಪುಟ್ಟಿ ನಗಲಿಲ್ಲ, ಆದರೆ ತಲೆ ಎತ್ತಿ ಅವರನ್ನು ನೋಡಿದಳು. ಇಷ್ಟು ವಾರ ನನ್ನನ್ನು ಆಟ ಆಡಿಸಿದೆಯಲ್ಲ ಹುಡುಗಿ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಅವಳು ಬಿದ್ದಲ್ಲಿಗೆ ತಾವೂ ಬಂದು ಬಿದ್ದು, ಇಬ್ಬರೂ ಒಟ್ಟಿಗೆ ಏಳೋಣ ಎಂಬಂತೆ ಕೂತಿದ್ದರು.

"ಇನ್ನೊಂದ್ಸಲ ನೋಡ್ತೀನಿ," ಎಂದಳು. "ಮೂರನ್ನೂ. ಒರೆಸಿ."

ಒರೆಸಿದಳು. ಅಭ್ಯಾಸದಂತೆ ಬಿಳಿ ಕಾಗದ ಮಡಚಿ, ಅದರ ಸಂದಿಯಲ್ಲಿ ಮೂರನ್ನೂ ಬೋರಲು ಹಾಕಿದಳು.

"ಅಯ್ಯೋ, ಅದ್ಯಾಕೆ ಪಾಪ ಬೋರಲು ಮಲಗಿಸಿದ್ದೀಯ?" ಎಂದಳು ಅಮ್ಮ.

"ಬಣ್ಣ ನೋಡೋದು ಹಾಗೇ ಅಮ್ಮ. ಬೋರಲು ಇಟ್ರೇನೇ ಹಳದಿ ಇದೆಯಾ ಇಲ್ವಾ ಅಂತ ಸರಿಯಾಗಿ ಗೊತ್ತಾಗೋದು."

"ಸರಿಯಪ್ಪ. ಉಂಗುರದಲ್ಲೂ ಬೋರಲೇ ಹಾಕ್ಕೊಳ್ಳೋದಾ?"

ಅಮ್ಮ ತಮಾಷೆಗೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಪುಟ್ಟಿ ಒಂದು ಗಳಿಗೆ ಕಾಗದವನ್ನೇ ನೋಡಿದಳು. ಸಾವಿರಾರು ಹರಳು ಅವಳ ಚಿಮಟ ದಾಟಿ ಹೋಗಿದ್ದವು. ಒಂದನ್ನೂ ಅವಳು ಬೆರಳಿನ ಮೇಲೆ ಇಟ್ಟು ನೋಡಿರಲಿಲ್ಲ. ಕಚೇರಿಯಲ್ಲಿ ಅದು ಕೂಡದು. ಕೈಯ ಜಿಡ್ಡು ತಾಗುತ್ತದೆ.

"ಅಮ್ಮ, ಕೈ ಕೊಡು."

ಅಮ್ಮ ಎಡಗೈ ಚಾಚಿದಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟು, ಕತ್ತರಿ ಹಿಡಿದ ಬಲಗೈಯಷ್ಟಲ್ಲದಿದ್ದರೂ ಗಿಣ್ಣು ದಪ್ಪ. ಪುಟ್ಟಿ ಆ ಕೈಯನ್ನು ಕಿಟಕಿಯ ಬೆಳಕಿಗೆ ಎಳೆದು, ಎರಡು ಬೆರಳನ್ನು ಜೋಡಿಸಿ ಹಿಡಿದು, ನಡುವಿನ ಗೆರೆಯಲ್ಲಿ ಒಂದೊಂದೇ ಹರಳನ್ನು ಕೂರಿಸಿದಳು.

ಮೊದಲನೆಯದು, ಅದೇ ಮಂಜಿನಂಥದ್ದು, ಬೆರಳ ಮೇಲೆ ಕೂತೊಡನೆ ನಡುವೆ ಮಂಕಾಯಿತು. "ಒಳಗೆ ಸ್ವಚ್ಛ ಇದೆ, ಬಣ್ಣವೂ ಇಲ್ಲ. ಆದ್ರೆ ಹೊಟ್ಟೆ ಆಳ. ಬೆಳಕೆಲ್ಲ ಸೋರ್ತಿದೆ. ಉಂಗುರದಲ್ಲಿ ಎತ್ತರಕ್ಕೆ ಕೂರುತ್ತೆ ಬೇರೆ. ನೀನು ಬಟ್ಟೆ ಸರಿಸೋವಾಗೆಲ್ಲ ಎಳೆ ಸಿಕ್ಕಿಕೊಳ್ಳುತ್ತೆ. ಬೇಡ." ಕಲ್ಲಜ್ಜಿ ಹುಬ್ಬೇರಿಸಿದಳು. ಈ ಬೇಡವನ್ನು ಅವಳು ಒಪ್ಪಿದ್ದಳು.

ಎರಡನೆಯದು ಚೆನ್ನಾಗಿ ಮಿನುಗಿತು. ಪುಟ್ಟಿ ಲೂಪನ್ನು ಗಡಿಯಾರದವರ ಕೈಗೆ ಕೊಟ್ಟಳು. "ಸೊಂಟದ ಹತ್ತಿರ ನೋಡಿ. ಏನು ಕಾಣುತ್ತೆ?"

ಅವರು ತುಂಬಾ ಹೊತ್ತು ನೋಡಿದರು. "ಗರಿಯ ಹಾಗೆ ಏನೋ. ಅಂಚಿಂದ ಒಳಗೆ ಹೋಗಿದೆ."

"ಬಿರುಕು. ಬರಿಗಣ್ಣಿಗೆ ಕಾಣೋದೇ ಇಲ್ಲ. ಆದ್ರೆ ಅಂಚಲ್ಲಿದೆ. ಒಂದು ದಿನ ಮಿಷನ್ನಿಗೆ ಬಡೀತು ಅಂತಿಟ್ಕೊಳ್ಳಿ, ಚೂರು ಎಗರಿ ಹೋಗುತ್ತೆ."

"ಅಂಚಲ್ಲಿ ಎಳೆ ಬಿಟ್ಟ ಬಟ್ಟೆ," ಎಂದಳು ಅಮ್ಮ. "ಎಷ್ಟು ಚೆನ್ನಾಗಿದ್ರೂ ನಾನು ತಗೊಳ್ಳಲ್ಲ."

ಮೂರನೆಯದನ್ನು ಬೋರಲು ಇಟ್ಟಾಗ ಪುಟ್ಟಿ ಆಗಲೇ ಮನಸ್ಸಿನಲ್ಲಿ ತಳ್ಳಿಹಾಕಿದ್ದಳು. ಹಳದಿಯ ನೆರಳು, ಒಣಹುಲ್ಲಿನ ಬಣ್ಣ ನೀರಿಗಿಳಿದಷ್ಟು. ಒಳಗೆ ಒಂದು ಪಕ್ಕದಲ್ಲಿ ಚುಕ್ಕೆಯೂ ಇತ್ತು, ಒರೆಸಿದರೂ ಹೋಗದ, ಹುಟ್ಟಿನಿಂದ ಬಂದ ಚುಕ್ಕೆ. ಕಚೇರಿಯಲ್ಲಾಗಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಅದನ್ನು ಎತ್ತಿ, ಮುಖ ಮೇಲಾಗಿ, ಅಮ್ಮನ ಬೆರಳ ಸಂದಿಯಲ್ಲಿ ಕೂರಿಸಿದಳು.

ಅಮ್ಮನ ಕೈ ಸ್ವಲ್ಪ ನಡುಗುತ್ತಿತ್ತು. ಆ ನಡುಕಕ್ಕೇ ಹರಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೆಳಕು ಎಸೆದು ಹಿಡಿದು, ಎಸೆದು ಹಿಡಿದು ಆಡುತ್ತಿತ್ತು. ಹಳದಿ ಎಲ್ಲಿ ಹೋಯಿತು? ಪುಟ್ಟಿ ಬಗ್ಗಿ ನೋಡಿದಳು. ಆ ಚರ್ಮದ ಮೇಲೆ, ಈ ಕಿಟಕಿಯ ಬೆಳಕಿನಲ್ಲಿ, ಅದು ಬೆಚ್ಚಗೆ ಕಾಣುತ್ತಿತ್ತು, ಅಷ್ಟೆ.

"ಇದಕ್ಕೆ ದೋಷ ಇದೆ," ಎಂದಳು ಪುಟ್ಟಿ. "ಎರಡಿದೆ. ನಾನು ಮುಚ್ಚಿಡಲ್ಲ. ಬಣ್ಣ ಸ್ವಲ್ಪ ಇದೆ. ಹಳದಿ ಚಿನ್ನದಲ್ಲಿ ಕೂರಿಸಿದ್ರೆ ಗೊತ್ತೇ ಆಗಲ್ಲ. ಚುಕ್ಕೆ ಒಂದಿದೆ, ಆದ್ರೆ ಅದು ಬೆಳೆಯಲ್ಲ, ಒಡೆಯಲ್ಲ, ಪಕ್ಕದಲ್ಲಿದೆ. ಹರಳನ್ನ ಹಿಡಿಯೋ ಚಿನ್ನದ ಉಗುರನ್ನ ಅಲ್ಲಿಗೇ ತಂದ್ರೆ ಮರೆ ಆಗುತ್ತೆ. ಸಾಣೆ ಮಾತ್ರ..." ಮಾತು ಹುಡುಕಿದಳು. "ಸಾಣೆ ಹಿಡಿದವರು ತೂಕದ ಆಸೆ ಬಿಟ್ಟು ಹಿಡಿದಿದ್ದಾರೆ. ಒಳಗೆ ಹೋದ ಬೆಳಕೆಲ್ಲ ವಾಪಸ್ ಕೊಡುತ್ತೆ."

ಅಮ್ಮ ಹರಳನ್ನು ಬಿಟ್ಟು ಮಗಳನ್ನು ನೋಡುತ್ತಿದ್ದಳು. "ಅಂದ್ರೆ?"

"ಅಂದ್ರೆ ಇದು."

"ಇದು ಅಂದ್ಯಾ?"

"ಇದು ಅಂದೆ ಅಮ್ಮ. ಎಷ್ಟು ಸಲ ಹೇಳ್ಲಿ?"

ಅಮ್ಮ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಅಲುಗಿದರೆ ಹರಳು ಬಿದ್ದೀತೆಂದು ಹೆದರಿ ಹಾಗೇ ಕೂತಳು. ಕಣ್ಣೀರು ಗಲ್ಲದ ಮೇಲೆ ತನ್ನಷ್ಟಕ್ಕೆ ಇಳಿಯಿತು. ಪುಟ್ಟಿ ಹರಳನ್ನು ಚಿಮಟದಲ್ಲಿ ಎತ್ತಿ ಪೊಟ್ಟಣಕ್ಕೆ ಹಾಕಿ, ಆಮೇಲೆ ತನ್ನ ಅಂಗೈಯಿಂದ ಅಮ್ಮನ ಗಲ್ಲ ಒರೆಸಿದಳು.

"ತಗ್ಗಿಸಿ ಕೂರಿಸೋಕೆ ಹೇಳಿ ಅಜ್ಜಿ," ಎಂದಳು. "ಹಾಕ್ಕೊಂಡೇ ಹೊಲೀತಾಳೆ ಇವಳು, ಬಿಚ್ಚಿಡೋಳಲ್ಲ."

ಗಡಿಯಾರದವರು ಇನ್ನೂ ಲೂಪ್ ಹಿಡಿದೇ ಕೂತಿದ್ದರು. ಒಮ್ಮೆ ಅಮ್ಮನ ಕಡೆ, ಒಮ್ಮೆ ಮಗಳ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು. "ಹರಳೇನೋ ಪಾಸಾಯ್ತು. ನನ್ನ ಗತಿ ಏನಮ್ಮ?"

ಪುಟ್ಟಿ ಪೊಟ್ಟಣದ ಮಡಿಕೆಯನ್ನು ಉಗುರಿನಿಂದ ತೀಡಿದಳು. ಆಮೇಲೆ, ಅವಳ ಬಾಯಿಂದ ಯಾರೂ ನಿರೀಕ್ಷಿಸದಂತೆ, "ನಿಮ್ಮನ್ನ ಇನ್ನೂ ಒರೆಸಿ ನೋಡಿಲ್ಲವಲ್ಲ," ಎಂದಳು.

ಹೇಳಿದವಳಿಗೇ ಗಾಬರಿಯಾಯಿತು. ಗಡಿಯಾರದವರು ಗಂಭೀರವಾಗಿ ಜೇಬಿನಿಂದ ಕರವಸ್ತ್ರ ತೆಗೆದರು. ಹಣೆ ಒರೆಸಿದರು, ಮೂಗು ಒರೆಸಿದರು, ಕಿವಿಯ ಹಿಂದೆಯೂ ಬಿಡಲಿಲ್ಲ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಅಲ್ಲಿ ಕತ್ತಲು," ಎಂದಳು ಕಲ್ಲಜ್ಜಿ. "ಕಿಟಕಿ ಹತ್ತಿರ ಬನ್ನಿ. ಇಲ್ಲಾಂದ್ರೆ ಆಮೇಲೆ ಅಂಗಡಿಯವಳು ಮೋಸ ಮಾಡಿದ್ಲು ಅಂತೀರಿ."

ಅವರು ಎದ್ದು ಹೋಗಿ ಕಿಟಕಿಯ ಮುಂದೆ ಫೋಟೋಗೆ ನಿಂತವರ ಹಾಗೆ ನಿಂತರು. ಪುಟ್ಟಿ ನೋಡಿದಳು, ಬರಿಗಣ್ಣಿನಿಂದ. ಕಾಲರಿನ ಮಾಸಿದ ಗೆರೆ ಇದ್ದಲ್ಲೇ ಇತ್ತು. ಗದ್ದದ ಕೆಳಗೆ ಕ್ಷೌರದ ಸಣ್ಣ ಗಾಯ, ಈ ದಿನಕ್ಕೆಂದು ಅವಸರದಲ್ಲಿ ಆದದ್ದಿರಬೇಕು. ಕರವಸ್ತ್ರ ಹಿಡಿದ ಕೈ ತನ್ನ ಕೈಯಷ್ಟೇ ಬೆವೆತಿತ್ತು. ಇವರಿಗೂ ಹೆದರಿಕೆಯಾಗುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

"ಊಟಕ್ಕೆ ಮನೆಗೆ ಬನ್ನಿ," ಎಂದಳು. ಮೂವರಿಗೂ ಕೇಳಿಸುವಷ್ಟು ದೊಡ್ಡದಾಗಿ.

"ಏನಿದೆ ಮನೇಲಿ 'ಬನ್ನಿ' ಅನ್ನೋಕೆ?" ಅಮ್ಮ ಗಾಬರಿಯಾದಳು. "ನಿನ್ನೆ ಮಿಕ್ಕಿದ್ದಿದೆ ಅಷ್ಟೆ!"

"ಅದೇ ಬಿಸಿ ಮಾಡಿದ್ರಾಯ್ತು," ಎಂದರು ಗಡಿಯಾರದವರು, ಆಗಲೇ ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕುತ್ತಾ.